ಕೊನೆಯ ದಿನ ಗಿಡಗಳ ಪಾಳಿ

ಪ್ರವಾಸದ ಪಟ್ಟಿ ಯಾರೇ ಬರೆಯಲಿ, ಸಸ್ಯೋದ್ಯಾನ ಬರುವುದು ಕೊನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಮೊದಲ ದಿನ ಜಲಪಾತ. ಆಮೇಲೆ ವ್ಯೂ ಪಾಯಿಂಟುಗಳು, ದೋಣಿ, ಕುದುರೆ, ಚಾಕೊಲೇಟು. ಕೊನೆಯ ದಿನ ಹೋಟೆಲಿನವರು ಹನ್ನೊಂದಕ್ಕೆ ರೂಮು ಖಾಲಿ ಮಾಡಿಸುತ್ತಾರೆ. ಊಟದ ಹೊತ್ತಾಗಿಲ್ಲ, ರೂಮಿನ ಬಾಡಿಗೆಯಲ್ಲೇ ಸೇರಿದ್ದ ಪೂರಿ ಇನ್ನೂ ಹೊಟ್ಟೆಯಲ್ಲಿ ಭದ್ರವಾಗಿದೆ. ಮಂಡಿನೋವಿನ ಇಬ್ಬರನ್ನೂ ಹಿಂದಿನ ರಾತ್ರಿ ಮುನಿಸಿಕೊಂಡ ಮೂವರನ್ನೂ ಸೇರಿಸಿ ಹತ್ತು ಜನರನ್ನು ಈ ಎರಡು ಗಂಟೆ ಎಲ್ಲಿ ಇಟ್ಟಿರುವುದು? ಸೂಟ್‌ಕೇಸುಗಳಿಗೆ ಕಾರಿನ ಡಿಕ್ಕಿ ಇದೆ. ಮನುಷ್ಯರಿಗೆ ಸಸ್ಯೋದ್ಯಾನವಿದೆ.

ಗಿಡಗಳ ದೊಡ್ಡ ಗುಣವೆಂದರೆ ಅವನ್ನು ನೋಡಲು ಬೇಡ ಎನ್ನುವವರಿಲ್ಲ. ಬೇಕು ಎಂದವರೂ ಇರಲಿಲ್ಲ ಎನ್ನುವುದು ಬೇರೆ ಮಾತು. ಜಲಪಾತಕ್ಕೆ ಜಾರುತ್ತದೆ ಎಂದು ಅಜ್ಜಿ ಬರುವುದಿಲ್ಲ, ದೋಣಿಗೆ ನೀರೆಂದರೆ ಭಯ ಎಂದು ಅತ್ತಿಗೆ ಬರುವುದಿಲ್ಲ, ಗುಹೆಗೆ ಸಿಗ್ನಲ್ ಸಿಗುವುದಿಲ್ಲ ಎಂದು ಮಗಳು ಬರುವುದಿಲ್ಲ. ಉದ್ಯಾನಕ್ಕೆ ಎಲ್ಲರೂ ಬರುತ್ತಾರೆ. ಅಲ್ಲಿ ಬೆಂಚು ಇರುತ್ತದೆ.

ಈ ಸಲದ ದೀರ್ಘ ರಜೆ ಆಯುಧಪೂಜೆಯದು. ಶನಿವಾರ, ಭಾನುವಾರಗಳಿಗೆ ಹಬ್ಬವನ್ನು ಹೊಲಿದು, ಮೇಲೊಂದು ಸಿಕ್ ಲೀವಿನ ತೇಪೆ ಹಾಕಿದರೆ ಬೆಂಗಳೂರಿನ ಅರ್ಧ ಭಾಗ ಹೊಸೂರು ದಾಟುತ್ತದೆ. ಸೇಲಂ, ಕರೂರು, ದಿಂಡಿಗಲ್, ವತ್ತಲಗುಂಡು, ಅಲ್ಲಿಂದ ಘಾಟಿ ಹತ್ತಿದರೆ ಕೊಡೈಕೆನಾಲ್. ನಮ್ಮ ಭಾವನವರ ಕಾರಿನ ಮುಂದೆ ಎರಡು ಬಾಳೆಕಂದು, ಬಾನೆಟ್ಟಿನ ಮೇಲೆ ಸೇವಂತಿಗೆ ಹಾರ, ಚಕ್ರದ ಅಡಿಯಲ್ಲಿ ನಿಂಬೆಹಣ್ಣಿನ ಕಲೆ. ಬಾಳೆಕಂದುಗಳನ್ನು ಬಿಚ್ಚುವುದು ಅಪಶಕುನವೆಂದು ಹಾಗೆಯೇ ಹೊರಟರು. ಕೃಷ್ಣಗಿರಿಗೆ ಬರುವಷ್ಟರಲ್ಲಿ ಎಲೆ ಸೀಳಿತ್ತು, ಕರೂರಿನಲ್ಲಿ ಬಾಡಿತ್ತು, ಏಳು ಸಾವಿರ ಅಡಿ ಎತ್ತರ ತಲುಪಿದಾಗ ಬಂಪರಿನಲ್ಲಿ ಉಳಿದದ್ದು ದಾರ ಕಟ್ಟಿದ ಎರಡು ದಂಟು. ಒಂದು ಗಿಡದ ಶವವನ್ನು ಮುಂದೆ ಕಟ್ಟಿಕೊಂಡು ಗಿಡಗಳನ್ನು ನೋಡಲು ಹೋಗುವ ಈ ಮೆರವಣಿಗೆಯಲ್ಲಿ ನಮ್ಮದು ಒಂದೇ ಕಾರಲ್ಲ. ಘಾಟಿಯಲ್ಲಿ ಹಿಂದೆ ಮುಂದೆ ನೋಡಿದಷ್ಟೂ ಅದೇ.

ಮನೆಯಂಗಳದ ತುಳಸಿಗೆ ನೀರು ಹಾಕಲು ಯಾರಿಗೂ ಹೇಳಿಬಂದಿಲ್ಲ ಎಂಬುದು ಅತ್ತಿಗೆಗೆ ನೆನಪಾದದ್ದು ದಿಂಡಿಗಲ್ಲಿನಲ್ಲಿ. ಬೀಗ ಹಾಕಿದ್ದೇವಾ ಎಂಬ ಪ್ರಶ್ನೆಯ ಬೆನ್ನಿಗೇ ನೆನಪಾಯಿತು. ದಿಂಡಿಗಲ್ ಬೀಗಕ್ಕೆ ಹೆಸರಾದ ಊರು, 2019ರಲ್ಲಿ ಅದರ ಬೀಗಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹಾಗಾಗಿ ಪ್ರಶ್ನೆ ಎದ್ದದ್ದು ಸರಿಯಾದ ಜಾಗದಲ್ಲೇ. ಬೀಗ ಹಾಕಿತ್ತು. ತುಳಸಿಯ ವಿಷಯವನ್ನು ಬಿರಿಯಾನಿಯ ಅಂಗಡಿ ಹುಡುಕುವ ಗಡಿಬಿಡಿಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಆ ಊರಿನ ಬೆಟ್ಟದ ಕೋಟೆಯ ಕೆಳಗೇ ಹಾದುಹೋದೆವು. 1755ರಲ್ಲಿ ಹೈದರಾಲಿ ಇಲ್ಲಿಗೆ ಫೌಜುದಾರನಾಗಿ ಬಂದ. ಐದು ವರ್ಷಕ್ಕೆ, 1760ರಲ್ಲಿ, ಬೆಂಗಳೂರಿನಲ್ಲಿ ಲಾಲ್‌ಬಾಗ್ ಶುರುಮಾಡಿದ. ಅವನು ದಿಂಡಿಗಲ್ಲಿನ ಕೆಲಸ ಮುಗಿಸಿ ಬೆಂಗಳೂರಿಗೆ ಹೋಗಿ ತೋಟ ಹಾಕಿದ. ನಾವು ಆ ತೋಟದ ಗೋಡೆಯ ಪಕ್ಕದ ಮನೆಗೆ ಬೀಗ ಹಾಕಿ ದಿಂಡಿಗಲ್ ದಾಟಿ ತೋಟ ನೋಡಲು ಬಂದಿದ್ದೇವೆ. ಭಾವನವರ ಮನೆಯಿಂದ ಲಾಲ್‌ಬಾಗಿಗೆ ನಡೆದು ಹೋಗಬಹುದು. ಅವರು ಅದರೊಳಗೆ ಹೋಗುವುದು ಊರಿನಿಂದ ನೆಂಟರು ಬಂದಾಗ, ಅದೂ ನೆಂಟರು ಹೊರಡುವ ದಿನ.

ಕೊಡೈಕೆನಾಲಿಗೆ ಈಗ ಸುಮ್ಮನೆ ನುಗ್ಗುವಂತಿಲ್ಲ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬೇಕು. 2025ರ ಬೇಸಿಗೆಗೆ ನ್ಯಾಯಾಲಯ ಲೆಕ್ಕವನ್ನೂ ಹಾಕಿಕೊಟ್ಟಿತು: ವಾರದ ದಿನಗಳಲ್ಲಿ ದಿನಕ್ಕೆ 4,000 ವಾಹನ, ವಾರಾಂತ್ಯಕ್ಕೆ 6,000. ಬೆಟ್ಟಕ್ಕೆ ಎಷ್ಟು ಕಾರು ಹೊರುವ ಶಕ್ತಿಯಿದೆ ಎಂದು ಕೇಳಬೇಕಾದ ಗತಿ ಒಂದು ನ್ಯಾಯಾಲಯಕ್ಕೆ ಬಂದಿತಲ್ಲ! ಐದು ಲೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಬಾಟಲಿ ಸಿಕ್ಕರೆ ಬಾಟಲಿಗೆ ಇಪ್ಪತ್ತು ರೂಪಾಯಿ ಹಸಿರು ತೆರಿಗೆ. ಭಾವನವರಿಗೆ ಇದು ತೆರಿಗೆಯಾಗಿ ಕಾಣಲೇ ಇಲ್ಲ, ಪರವಾನಗಿಯಾಗಿ ಕಂಡಿತು. "ಕೊಟ್ಟಾಯ್ತಲ್ಲ, ಇನ್ನು ಎಲ್ಲಿ ಬೇಕಾದ್ರೂ ಎಸೀಬಹುದು" ಎಂದರು. ಕಾನೂನು ಮಾಡಿದವರು ಭಾವನವರನ್ನು ಕಂಡಿಲ್ಲ.

ಮೂರು ದಿನ ಏನು ನೋಡಿದೆವು ಎಂದು ಬರೆಯುವ ಅಗತ್ಯವಿಲ್ಲ, ನೀವೂ ನೋಡಿದ್ದೀರಿ. ಮಂಜಿನೊಳಗೆ ಕಂಬಿ ಹಿಡಿದು ನಿಂತು, ಕಾಣದ ಕಂದಕಕ್ಕೆ ಬೆನ್ನು ತಿರುಗಿಸಿ ತೆಗೆಸಿಕೊಂಡ ಫೋಟೋ. ಗುಣಾ ಗುಹೆಯ ಮುಂದೆ ಮಲಯಾಳಂ ಸಿನಿಮಾ ನೋಡಿ ಬಂದವರ ಸಾಲು. ಹೋಮ್ ಮೇಡ್ ಚಾಕೊಲೇಟು ಯಾರ ಹೋಮಿನಲ್ಲಿ ಮೇಡ್ ಆಗುತ್ತದೆ ಎಂಬ ಉತ್ತರವಿಲ್ಲದ ಪ್ರಶ್ನೆ. ಇದ್ದವರಲ್ಲಿ ಸಸ್ಯಶಾಸ್ತ್ರದ ಹಸಿವು ನಿಜಕ್ಕೂ ಇದ್ದದ್ದು ಪಕ್ಕದ ಕಾಟೇಜಿನ ನಾಲ್ಕು ಹುಡುಗರಿಗೆ. ಬೆಳಗಿನ ಜಾವವೇ ಎದ್ದು, ಮಂಡಿಯೂರಿ, ಹುಲ್ಲಿನ ಬುಡವನ್ನೆಲ್ಲ ಕೆದಕಿ ಒಂದು ಅಣಬೆಗಾಗಿ ಹುಡುಕುತ್ತಿದ್ದರು. ಅಣಬೆ ಸಸ್ಯವಲ್ಲ ಎಂದು ಅವರಿಗೆ ಹೇಳುವವರು ಯಾರು? ಸಿಕ್ಕಿದ ಮೇಲೆ ಹೇಳಿದ್ದರೂ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಹೀಗೆ ಕೊನೆಯ ದಿನ ಬಂತು, ಗಿಡಗಳ ಪಾಳಿಯೂ ಬಂತು.

ಕೆರೆಯ ಪೂರ್ವದಲ್ಲಿ ಬ್ರಯಂಟ್ ಪಾರ್ಕ್. ಸುಮಾರು 20 ಎಕರೆ. ಮದುರೆಯ ಅರಣ್ಯಾಧಿಕಾರಿಯಾಗಿದ್ದ ಎಚ್.ಡಿ. ಬ್ರಯಂಟ್ 1908ರಲ್ಲಿ ಇದರ ನಕ್ಷೆ ಹಾಕಿದ. ಈಗ ತಮಿಳುನಾಡು ತೋಟಗಾರಿಕೆ ಇಲಾಖೆಯದು. ಮೇ ತಿಂಗಳಲ್ಲಿ ಫಲಪುಷ್ಪ ಪ್ರದರ್ಶನ, ಉಳಿದ ತಿಂಗಳು ನಮ್ಮ ಪ್ರದರ್ಶನ. ನಿಜ ಹೇಳಬೇಕೆಂದರೆ ತೋಟ ಚೆನ್ನಾಗಿದೆ, ಮಾಲಿಗಳು ಬೆನ್ನು ಬಗ್ಗಿಸಿ ದುಡಿಯುತ್ತಾರೆ, ಗುಲಾಬಿಯ ಮಡಿಗಳಲ್ಲಿ ಒಂದು ಕಳೆ ಕಾಣುವುದಿಲ್ಲ. ದೂರು ತೋಟದ ಮೇಲಲ್ಲ.

ಒಳಗೆ ಕಾಲಿಟ್ಟ ಕೂಡಲೇ ನಮ್ಮ ತಂಡ ಮೂರಾಗಿ ಒಡೆಯಿತು. ಅಜ್ಜಿ, ಚಿಕ್ಕಮ್ಮ ಮೊದಲ ಬೆಂಚಿನಲ್ಲಿ ಕೂತು ಕಳೆದ ವರ್ಷದ ಮದುವೆಯೊಂದರ ಲೆಕ್ಕಕ್ಕೆ ಇಳಿದರು. ಮಕ್ಕಳು ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಫಲಕ ಇರುವ ಹುಲ್ಲನ್ನೇ ಹುಡುಕಿ ಓಡಿದರು. ಉಳಿದವರು ಹೂವಿಗೆ ಮುಖ ಜೋಡಿಸಿದರು. ಗಮನಿಸಿ, ಹೂವನ್ನು ನೋಡಲಿಲ್ಲ, ಹೂವಿನ ಪಕ್ಕಕ್ಕೆ ಮುಖ ತಂದು ಫೋನನ್ನು ನೋಡಿದರು. ಡೇಲಿಯಾಕ್ಕೆ ಎಡಗೆನ್ನೆ, ಗುಲಾಬಿಗೆ ಬಲಗೆನ್ನೆ. ಹೂವು ಚಿಕ್ಕದಾದರೆ "ಇದು ಬೇಡ, ಬರಲ್ಲ" ಎಂದು ಮುಂದಕ್ಕೆ. ಇಂಥ ಸಂದರ್ಶನದಲ್ಲಿ ನಪಾಸಾದ ಗಿಡಗಳ ಸಂಖ್ಯೆ ದೊಡ್ಡದು. ಜರೀಗಿಡಗಳಂತೂ ಅರ್ಜಿ ಹಾಕುವುದೇ ವ್ಯರ್ಥ.

ಗಾಜಿನ ಮನೆಯ ವಿಚಾರ ಇನ್ನೂ ಮಜವಾಗಿದೆ. ಕೊಡೈಕೆನಾಲ್ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹತ್ತು ಡಿಗ್ರಿಯಲ್ಲಿ. ಲೆಕ್ಕದ ಪ್ರಕಾರ ಅಪ್ಪಟ ಉಷ್ಣವಲಯ. ಎತ್ತರ ಏಳು ಸಾವಿರ ಅಡಿಯಾದ್ದರಿಂದ ಚಳಿ. ಹಾಗಾಗಿ ಉಷ್ಣವಲಯದ ಗಿಡಗಳನ್ನು ಉಷ್ಣವಲಯದಲ್ಲೇ ಗಾಜಿನೊಳಗೆ ಬೆಚ್ಚಗಿಟ್ಟು ತೋರಿಸಬೇಕು. ನಮ್ಮ ಬೀದಿಯಲ್ಲಿ ಒಡೆದ ಬಕೆಟ್ಟಿನಲ್ಲಿ, ಹಳೇ ಪೇಂಟ್ ಡಬ್ಬಿಯಲ್ಲಿ ಬೆಳೆಯುವ ಕ್ರೋಟನ್, ಕಳ್ಳಿಗಳ ಸೋದರಸಂಬಂಧಿಗಳು ಇಲ್ಲಿ ಗಾಜಿನ ಹಿಂದೆ ಗಣ್ಯರಾಗಿ ಕೂತಿದ್ದವು. ಅತ್ತಿಗೆ ಅವುಗಳ ಮುಂದೆ ಕೈ ಕಟ್ಟಿ ನಿಂತು, "ಎಷ್ಟು ಚೆನ್ನಾಗಿ ಮೆಂಟೈನ್ ಮಾಡಿದ್ದಾರೆ ನೋಡ್ರೀ" ಎಂದರು. ಇದೇ ಜಾತಿಯ ಗಿಡವನ್ನು ಅವರು ಹೋದ ತಿಂಗಳು ಸ್ಕೂಟರ್ ನಿಲ್ಲಿಸಲು ಜಾಗ ಸಾಲದೆಂದು ಕಿತ್ತು ಹಾಕಿಸಿದ್ದರು.

ಗಿಡವನ್ನು ಗಿಡವೆಂದೇ ಗೌರವಿಸಿ ಕೊಡೈಕೆನಾಲಿನ ತೋಟಗಳಿಗೆ ಬರುವ ಪ್ರಾಣಿ ನನ್ನ ಲೆಕ್ಕದಲ್ಲಿ ಒಂದೇ, ಕಾಡುಕೋಣ. ಊರೊಳಗೆ ಅವು ಧಾರಾಳವಾಗಿ ಓಡಾಡುತ್ತವೆ. ಟಿಕೆಟ್ ತೆಗೆದುಕೊಳ್ಳುವುದಿಲ್ಲ ನಿಜ, ಆದರೆ ಎಲೆಯಿಂದ ಎಲೆಗೆ ನಿಧಾನವಾಗಿ, ಪೂರ್ತಿ ಗಮನಕೊಟ್ಟು ಓದುತ್ತವೆ. ಫೋಟೋಕ್ಕಾಗಿ ಅವಸರವಿಲ್ಲ. ಅವುಗಳ ಫೋಟೋ ತೆಗೆಯಲು ಹೋಗುವ ನಮಗೆ ಮಾತ್ರ ಅವಸರ, ಕೊಂಬಿನ ಅಳತೆ ಗೊತ್ತಾಗುವವರೆಗೆ.

ಇನ್ನು ಬ್ರಯಂಟ್ ಸಾಹೇಬರ ಕತೆಗೆ ಬರೋಣ, ಯಾಕೆಂದರೆ ನಾವು ಎರಡನೆಯ ದಿನ ನೋಡಿದ್ದೂ ಅವರದ್ದೇ. ಪೈನ್ ಕಾಡು. ಸಿನಿಮಾದವರು ಹಾಡಿಗೆ ಓಡಾಡಿಸುವ, ನೆಟ್ಟಗೆ, ಒಂದೇ ಅಳತೆಯಲ್ಲಿ ನಿಂತ ಮರಗಳು. ಅದನ್ನು 1906ರಲ್ಲಿ ಮರಮುಟ್ಟಿಗೆಂದು ನೆಡಿಸಲು ಶುರುಮಾಡಿದ್ದು ಇದೇ ಬ್ರಯಂಟ್. ಎರಡು ವರ್ಷದ ಅಂತರದಲ್ಲಿ ಒಬ್ಬನೇ ಅಧಿಕಾರಿ ಒಂದು ತೋಟವನ್ನೂ ಒಂದು ಕಾಡನ್ನೂ ಹಾಕಿದ. ತೋಟಕ್ಕೆ ಟಿಕೆಟ್ಟು, ಕಾಡಿಗೆ ಕುದುರೆ ಸವಾರಿ. ಪೈನಿನ ಸೂಜಿಯೆಲೆ ಹಾಸಿದ ನೆಲದಲ್ಲಿ ಇನ್ನೊಂದು ಗಿಡ ಏಳುವುದು ಕಷ್ಟ. ಅದೇ ಕಾರಣಕ್ಕೆ ಅದು ಅಷ್ಟು ಸ್ವಚ್ಛ, ಅಷ್ಟು ಫೋಟೋಜೆನಿಕ್. "ಇದು ನೋಡ್ರೀ ಕಾಡು ಅಂದ್ರೆ, ಒಂದು ಪೊದೆ ಇಲ್ಲ" ಎಂದರು ಭಾವನವರು. ಕಾಡು ಎಂದರೆ ಪೊದೆ ಇಲ್ಲದ್ದು ಎಂಬ ಈ ವ್ಯಾಖ್ಯಾನವನ್ನು ಅರಣ್ಯ ಇಲಾಖೆಗಳು ಎಷ್ಟೋ ದಶಕ ಒಪ್ಪಿಕೊಂಡಿದ್ದವು.

ಕೊಡೈಕೆನಾಲಿನ ಇತಿಹಾಸವೇ ಆಮದಿನ ದಫ್ತರ. 1845ರಲ್ಲಿ ಬಯಲಿನ ಕಾಯಿಲೆಗಳಿಂದ ತಪ್ಪಿಸಿಕೊಳ್ಳಲು ಅಮೆರಿಕನ್ ಮಿಷನರಿಗಳು ಬಂಗಲೆ ಕಟ್ಟಿದರು. 1863ರಲ್ಲಿ ಮದುರೆಯ ಕಲೆಕ್ಟರ್ ವೀರ್ ಹೆನ್ರಿ ಲೆವಿಂಜ್ ತೊರೆಗಳಿಗೆ ಅಡ್ಡಗಟ್ಟಿ ಕೆರೆ ಮಾಡಿದ, ತೂತ್ತುಕುಡಿಯಿಂದ ದೋಣಿ ತರಿಸಿದ. ಆಸ್ಟ್ರೇಲಿಯಾದಿಂದ ನೀಲಗಿರಿ ಮರ ಬಂತು, ಚರ್ಮ ಹದಮಾಡುವ ತೊಗಟೆಗೆಂದು ವ್ಯಾಟಲ್ ಬಂತು. 1980ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನಿನಿಂದ ಒಂದು ಥರ್ಮಾಮೀಟರ್ ಕಾರ್ಖಾನೆಯೇ ಬಂತು. ಪಾದರಸದ ತ್ಯಾಜ್ಯ ಬಯಲಿಗೆ ಬಂದು 2001ರಲ್ಲಿ ಅದು ಬಾಗಿಲು ಹಾಕಿತು. 591 ಮಾಜಿ ಕಾರ್ಮಿಕರೊಂದಿಗೆ ಕಂಪನಿ ಒಪ್ಪಂದಕ್ಕೆ ಸಹಿ ಹಾಕಿದ್ದು 2016ರಲ್ಲಿ. ಹೊರಗಿನಿಂದ ತಂದು ನೆಟ್ಟ ಎಲ್ಲವೂ ಈ ಬೆಟ್ಟದಲ್ಲಿ ಬೇರು ಬಿಟ್ಟವು. ಪಾದರಸಕ್ಕೂ ಅದೇನು ಕಷ್ಟವಾಗಲಿಲ್ಲ.

ಇವೆಲ್ಲ ಬರುವ ಮುಂಚೆ ಇಲ್ಲೇನಿತ್ತು? ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ಶೋಲಾ ಕಾಡು. ಕುಳ್ಳ ಮರಗಳು, ಅವುಗಳ ಮೈತುಂಬ ಪಾಚಿ, ಜರೀಗಿಡ, ಆರ್ಕಿಡ್. ಮಳೆಯ ನೀರನ್ನು ಹೀರಿ ಹಿಡಿದಿಟ್ಟು ಬೇಸಿಗೆಯುದ್ದಕ್ಕೂ ಚೂರುಚೂರೇ ಕೆಳಗೆ ಬಿಡುವ ಏರ್ಪಾಟು. ಬ್ರಿಟಿಷರಿಗೆ ಹುಲ್ಲುಗಾವಲು ಪಾಳುಭೂಮಿಯಾಗಿ ಕಂಡಿತು, ಮರ ನೆಟ್ಟರು. ಸ್ವತಂತ್ರ ಭಾರತದ ಇಲಾಖೆಗಳಿಗೂ ಪಾಳುಭೂಮಿಯಾಗಿಯೇ ಕಂಡಿತು, ಇನ್ನಷ್ಟು ನೆಟ್ಟರು. ಈಗ ನ್ಯಾಯಾಲಯಗಳು ಪರದೇಶಿ ಮರ ಕೀಳಿಸಿ ಎನ್ನುತ್ತಿವೆ. ನೆಡಲು ಒಂದು ಬಜೆಟ್, ಕೀಳಲು ಇನ್ನೊಂದು.

2013ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ಕೊಡೈಕೆನಾಲ್ ವನ್ಯಜೀವಿಧಾಮವೆಂದು ಘೋಷಿಸಿದರು. ಎಕರೆಗೆ ತಿರುಗಿಸಿದರೆ ಹತ್ತಿರಹತ್ತಿರ ಒಂದೂವರೆ ಲಕ್ಷ. ಅಂದರೆ ಒಂದೂವರೆ ಲಕ್ಷ ಎಕರೆಯ ಸಸ್ಯೋದ್ಯಾನದ ನಡುವೆ ಬೇಲಿ ಹಾಕಿ 20 ಎಕರೆ ಬಿಡಿಸಿಕೊಂಡು, ಅದಕ್ಕೊಂದು ಗೇಟು, ಗೇಟಿಗೊಂದು ಕೌಂಟರ್ ಇಟ್ಟಿದ್ದೇವೆ. ಜನ ಕೌಂಟರ್ ಇರುವ ಕಡೆ ಸಾಲು ನಿಲ್ಲುತ್ತಾರೆ. ಕೌಂಟರ್ ಇಲ್ಲದ ಕಡೆ ಮೂತ್ರ ಮಾಡುತ್ತಾರೆ.

ಪಾರ್ಕಿನಲ್ಲಿ ಒಬ್ಬರು ಮಾಲಿಯನ್ನು ನಿಲ್ಲಿಸಿ ಕನ್ನಡ, ತಮಿಳು, ಇಂಗ್ಲಿಷ್ ಮೂರನ್ನೂ ಕಲಸಿ ಕುರಿಂಜಿ ಹೂವು ಎಲ್ಲಿ ಎಂದು ಕೇಳುತ್ತಿದ್ದರು. ಹನ್ನೆರಡು ವರ್ಷಕ್ಕೊಮ್ಮೆ ಅರಳುವುದು, ಇಲ್ಲಿ 2006ರಲ್ಲಿ ಅರಳಿತ್ತು, 2018ರಲ್ಲಿ ಅರಳಿತ್ತು, ಮುಂದಿನದು 2030ಕ್ಕೆ. ಮಾಲಿ ತಾಳ್ಮೆಯಿಂದ ಇಸವಿ ಹೇಳಿದ. "ಅಷ್ಟು ದೂರದಿಂದ ಬಂದಿದ್ದೀವಿ ಕಣಯ್ಯಾ" ಎಂದರು ಇವರು, ಬೆಂಗಳೂರಿನ ದೂರವನ್ನು ಪರಿಗಣಿಸಿ ಹೂವು ನಾಲ್ಕೈದು ವರ್ಷ ಮುಂಚಿತವಾಗಿ ಅರಳಬೇಕಿತ್ತು ಎಂಬ ಧಾಟಿಯಲ್ಲಿ. 2022ರಲ್ಲಿ ನಮ್ಮ ಬಾಬಾಬುಡನ್‌ಗಿರಿಯಲ್ಲೇ ಬೆಟ್ಟ ನೀಲಿಯಾಗಿತ್ತು. ಆಗ ಇವರು ಎಲ್ಲಿದ್ದರು ಎಂದು ಕೇಳುವಂತಿಲ್ಲ, ಬಹುಶಃ ಅಲ್ಲೇ, ಗಿರಿಯ ರಸ್ತೆಯ ಕಾರುಗಳ ಸಾಲಿನಲ್ಲಿದ್ದರು.

ಒಂದು ಗಂಟೆಗೆ ಸರಿಯಾಗಿ ಹಸಿವಾಯಿತು, ಸಸ್ಯಾಸಕ್ತಿ ಮುಗಿಯಿತು. ಹೊರಗೆ ಬರುವಾಗ ಅತ್ತಿಗೆ ರಸ್ತೆಬದಿಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿದ್ದ ಹೈಡ್ರೇಂಜಿಯಾ ಗಿಡವೊಂದನ್ನು ಚೌಕಾಸಿ ಮಾಡಿ ಕೊಂಡರು. ಏಳು ಸಾವಿರ ಅಡಿಯ ಚಳಿಯ ಗಿಡಕ್ಕೆ ಬೆಂಗಳೂರಿನಲ್ಲಿ ಗೊತ್ತಾಗಿರುವ ಜಾಗ ತಾರಸಿಯ ಸೋಲಾರ್ ಪ್ಯಾನೆಲ್ಲಿನ ಪಕ್ಕ. ಅದನ್ನು ಕಾರಿನಲ್ಲಿ ಅಜ್ಜಿಯ ಕಾಲ ಬಳಿ ಇಟ್ಟರು. ಅಜ್ಜಿ ಕಾಲು ಚಾಚುವಂತಿಲ್ಲ, ಗಿಡ ತಲೆ ಎತ್ತುವಂತಿಲ್ಲ.

ಇಳಿಯುವ ಘಾಟಿಯಲ್ಲಿ ಪೆರುಮಾಳ್‌ಮಲೈ ದಾಟುವ ಮೊದಲೇ ಕಾರುಗಳು ನಿಂತವು. ರಜೆ ಮುಗಿದದ್ದು ಎಲ್ಲರಿಗೂ ಒಟ್ಟಿಗೆ. ಎಂಜಿನ್ ಆರಿಸಿ, ಕಿಟಕಿ ಇಳಿಸಿದರೆ ಕೈ ಚಾಚಿದರೆ ಸಿಗುವ ದೂರದಲ್ಲಿ ಕಾಡು. ಬಂಡೆಯ ಮೇಲೆ ಜರೀಗಿಡ, ಮರದ ಕವಲಿನಲ್ಲಿ ಆರ್ಕಿಡ್, ಎಲೆಯ ಮರೆಯಲ್ಲಿ ಹೆಸರು ಗೊತ್ತಿಲ್ಲದ ಹಕ್ಕಿಯೊಂದರ ಸಿಳ್ಳೆ. ಇಲ್ಲಿ ಸಿಕ್ಕ ಹೊತ್ತು ಪಾರ್ಕಿನಲ್ಲಿ ಕಳೆದದ್ದಕ್ಕಿಂತ ಹೆಚ್ಚು. ಟಿಕೆಟ್ಟೂ ಇಲ್ಲ. ಎಲ್ಲರೂ ಫೋನಿನಲ್ಲಿ ಪಾರ್ಕಿನ ಫೋಟೋಗಳನ್ನು ಆರಿಸುತ್ತ ಕೂತರು. ಕಿರಿಯವನೊಬ್ಬ ಮಾತ್ರ ಕಿಟಕಿಯಿಂದ ಬಗ್ಗಿ ಒಂದು ಮರ ತೋರಿಸಿ ಅದರ ಹೆಸರೇನು ಎಂದ. "ಬೋರ್ಡ್ ಹಾಕಿಲ್ಲ ಪುಟ್ಟ" ಎಂದರು ಭಾವನವರು, ಇಲಾಖೆಯ ಬೇಜವಾಬ್ದಾರಿಗೆ ತಲೆಯಾಡಿಸುತ್ತ.

ಇದೇ ರಜೆಗೆ ನನ್ನ ಷಡ್ಡಕರ ದಂಡು ಮುನ್ನಾರ್, ತೇಕ್ಕಡಿಗೆ ಹೋಗಿತ್ತು. ಎರಡೂ ದಂಡು ವತ್ತಲಗುಂಡಿನಲ್ಲಿ ಸೇರಿ ಒಟ್ಟಿಗೆ ಬೆಂಗಳೂರಿಗೆ ಹೋಗುವುದೆಂದು ಮಾತು. ಅವರು ಕುಮಿಳಿಯಿಂದ ಲೋಯರ್ ಕ್ಯಾಂಪಿಗೆ ಇಳಿದು, ಗೂಡಲೂರು, ಕಂಬಂ, ತೇನಿ ಮಾರ್ಗವಾಗಿ ಬರುವವರು. ಅಂದರೆ ಕಂಬಂ ಕಣಿವೆಯನ್ನು ಉದ್ದಕ್ಕೂ ಸೀಳಿಕೊಂಡು. ಕೊನೆಯ ದಿನ ಅವರಿಗೂ ಕೊನೆಯ ದಿನವೇ ತಾನೇ, ಅವರ ಪಟ್ಟಿಯಲ್ಲೂ ತೋಟವೇ ಇತ್ತು.

ಕಣಿವೆಯ ಬಗ್ಗೆ ಎರಡು ಮಾತು ಹೇಳಬೇಕು, ಷಡ್ಡಕರು ಹೇಳಲಿಲ್ಲವಾದ್ದರಿಂದ. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಯ ನೀರನ್ನು ಅಣೆಕಟ್ಟಿನಿಂದ ತಡೆದು, ಬೆಟ್ಟ ಕೊರೆದು, ಪೂರ್ವದ ಈ ಒಣ ಸೀಮೆಗೆ ತಿರುಗಿಸಿದವರು ಇಂಜಿನಿಯರ್ ಜಾನ್ ಪೆನ್ನಿಕ್ವಿಕ್. 1895ರಲ್ಲಿ. ಲೋಯರ್ ಕ್ಯಾಂಪಿನಲ್ಲಿ ಅವರಿಗೆ ಸ್ಮಾರಕವಿದೆ, ರೈತರು ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ, ಮಕ್ಕಳಿಗೆ ಅವರ ಹೆಸರಿಡುತ್ತಾರೆ. ಆ ನೀರಿನಲ್ಲಿ ಭತ್ತ, ಬಾಳೆ, ತೆಂಗು, ದ್ರಾಕ್ಷಿ. ಮೇಲಿನ ಬೆಟ್ಟಗಳಿಂದ ಬೋಡಿನಾಯಕನೂರಿಗೆ ಏಲಕ್ಕಿ ಇಳಿಯುತ್ತದೆ, ಅಲ್ಲಿ ಸಂಬಾರ ಮಂಡಳಿಯ ಹರಾಜು ನಡೆಯುತ್ತದೆ. ಉಷ್ಣವಲಯದ ಸಸ್ಯೋದ್ಯಾನ ಹೇಗಿರಬೇಕೆಂದು ಪುಸ್ತಕ ಬರೆಯುವವರು ಇಲ್ಲಿ ಬಂದು ನಕಲು ಮಾಡಿಕೊಳ್ಳಬಹುದು. ಷಡ್ಡಕರ ವ್ಯಾನು ಎ.ಸಿ. ಹಾಕಿಕೊಂಡು ಪರದೆ ಎಳೆದುಕೊಂಡು ಸಾಗಿತ್ತು, ಯಾಕೆಂದರೆ ಪಟ್ಟಿಯಲ್ಲಿ ಮುಂದಿನ ತೋಟ ವೈಗೈ ಅಣೆಕಟ್ಟಿನದು.

ಅದು ಆಂಡಿಪಟ್ಟಿಯ ಹತ್ತಿರ, 1959ರಲ್ಲಿ ಉದ್ಘಾಟನೆಯಾದದ್ದು. ಅಲ್ಲೊಂದು ಉದ್ಯಾನವಿದೆ, ಅದನ್ನು ಕರೆಯುವುದು ಲಿಟಲ್ ಬೃಂದಾವನ. ದೊಡ್ಡ ಬೃಂದಾವನ ಯಾವುದೆಂದು ನಿಮಗೆ ಹೇಳಬೇಕಿಲ್ಲ. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಕನ್ನಂಬಾಡಿಯ ಕೆಳಗೆ ಹಾಕಿಸಿದ ತೋಟ. ಷಡ್ಡಕರು ಮೈಸೂರಿನವರು. ಹುಟ್ಟಿ ಬೆಳೆದ ಊರಿನ ತೋಟದ ಚಿಕ್ಕ ಪ್ರತಿಯನ್ನು ನೋಡಲು ಎರಡು ರಾಜ್ಯ ಸುತ್ತಿ ಬಂದು, ಇಳಿದು, ಸುತ್ತ ನೋಡಿ, "ನಮ್ಮ ಕೆ.ಆರ್.ಎಸ್. ಮುಂದೆ ಇದೆಲ್ಲ ಏನೂ ಅಲ್ಲ" ಎಂದು ತೀರ್ಪು ಕೊಡುವುದು ಅವರ ಕಾರ್ಯಕ್ರಮ. ಅದನ್ನು ಕಂಬಂ ತಲುಪುವ ಮುಂಚೆಯೇ ವ್ಯಾನಿನಲ್ಲಿ ಕೂತು ಕೊಟ್ಟುಬಿಟ್ಟಿದ್ದರು. ಇಷ್ಟು ಬೇಗ ತೀರ್ಪು ಬರುವುದು ನಮ್ಮ ದೇಶದಲ್ಲಿ ಅಪರೂಪ.

ಆದರೆ ಕಂಬಮ್ಮಿನಲ್ಲಿ ವ್ಯಾನು ನಿಲ್ಲಲೇಬೇಕಾಯಿತು. ಮಗಳು ರೀಲ್ಸಿನಲ್ಲಿ ದ್ರಾಕ್ಷಿ ತೋಟ ನೋಡಿದ್ದಳು. ಚಪ್ಪರದ ಅಡಿಯಲ್ಲಿ ನಿಂತು, ಗೊಂಚಲನ್ನು ಬಾಯಿಯ ಮೇಲೆ ಹಿಡಿದು, ತಿನ್ನುವಂತೆ ನಟಿಸುವುದು ಈಗಿನ ರಿವಾಜು. ಕಂಬಮ್ಮಿನದು ಪನ್ನೀರ್ ದ್ರಾಕ್ಷಿ, ಮಸ್ಕತ್ ಹ್ಯಾಂಬರ್ಗ್ ತಳಿ. 2023ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಸಿಕ್ಕಿತು. ಇಲ್ಲಿನ ವಿಶೇಷವೆಂದರೆ ವರ್ಷದ ಯಾವ ತಿಂಗಳು ಬಂದರೂ ಯಾವುದಾದರೊಂದು ತೋಟದಲ್ಲಿ ಕೊಯ್ಲು ನಡೆದಿರುತ್ತದೆ. ಕುರಿಂಜಿಯ ಹಾಗೆ ಬೆಂಗಳೂರಿನವರನ್ನು ಕಾಯಿಸುವುದಿಲ್ಲ.

ನಮಗೂ ಒಂದು ದ್ರಾಕ್ಷಿ ಇತ್ತು. ಬೆಂಗಳೂರು ಬ್ಲೂ. ಅದಕ್ಕೆ ಕಂಬಮ್ಮಿಗಿಂತ ಹತ್ತು ವರ್ಷ ಮೊದಲೇ ಆ ಗುರುತು ಸಿಕ್ಕಿದೆ. ದೇವನಹಳ್ಳಿ ಕಡೆ ಚಪ್ಪರಗಳು ಕಣ್ಣು ಹಾಯುವಷ್ಟು ದೂರ ಇದ್ದವು. ಆಮೇಲೆ ವಿಮಾನ ನಿಲ್ದಾಣ ಬಂತು, ಅದರ ಹಿಂದೆ ಬಡಾವಣೆಗಳು ಬಂದವು. ಷಡ್ಡಕರದ್ದೂ ಅಲ್ಲೊಂದು ಸೈಟಿದೆ, ಮೂವತ್ತು ನಲವತ್ತು, ಪೂರ್ವಾಭಿಮುಖ. ಬಡಾವಣೆಗೆ ದ್ರಾಕ್ಷಿತೋಟದ ಹೆಸರನ್ನೇ ಇಂಗ್ಲಿಷಿನಲ್ಲಿ ಇಟ್ಟಿದ್ದಾರೆ, ಕಮಾನಿನ ಮೇಲೆ ಸಿಮೆಂಟಿನ ಗೊಂಚಲಿದೆ, ಅದಕ್ಕೆ ವರ್ಷಕ್ಕೊಮ್ಮೆ ನೇರಳೆ ಬಣ್ಣ ಹೊಡೆಸುತ್ತಾರೆ. ಚಪ್ಪರ ಕೀಳಿಸಿದ ಜಾಗವನ್ನು ಕೊಂಡವರ ಮಗಳಿಗೆ ಚಪ್ಪರದ ಅಡಿಯಲ್ಲಿ ನಿಲ್ಲುವ ಆಸೆಯಾದರೆ ಐನೂರು ಕಿಲೋಮೀಟರ್ ಡೀಸೆಲ್ ಸುಡಬೇಕು. ಇದನ್ನು ಷಡ್ಡಕರ ಎದುರಿಗೆ ಹೇಳಿದರೆ ಅವರು ಸೈಟಿನ ಈಗಿನ ಬೆಲೆ ಹೇಳುತ್ತಾರೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ಸೈಟೂ ಇಲ್ಲ.

ವ್ಯಾನು ನಿಂತ ತೋಟದಲ್ಲಿ ಕೌಂಟರ್ ಇರಲಿಲ್ಲ. ಇದು ಎಲ್ಲರಿಗೂ ಸ್ವಲ್ಪ ಅನುಮಾನ ಹುಟ್ಟಿಸಿತು. ಎಂಟ್ರಿ ಫೀ ಎಷ್ಟು ಎಂದು ಕೇಳಿದರೆ ತೋಟದ ಯಜಮಾನರು ಸುಮ್ಮನೆ ನಕ್ಕು ಒಳಗೆ ಬನ್ನಿ ಎಂದು ಕೈ ಮಾಡಿದರಂತೆ. ಮಗಳ ರೀಲು ನಾಲ್ಕು ಸಲದಲ್ಲಿ ಮುಗಿಯಿತು. ಗೊಂಚಲಿನ ಮೇಲಿನ ಪುಡಿ ಮಾಸಿತು. ಷಡ್ಡಕರು ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿ, ಬೀಜ ಉಗಿದು, ಹೆಂಡತಿಗೆ ಹೇಳಿದರು: "ಹುಳಿ ಇದೆ ಕಣೇ, ಆದ್ರೂ ಕೇಳೋಣ, ರೇಟು ಇಳಿಸಿದ್ರೆ ಒಂದು ಪೆಟ್ಟಿಗೆ ತಗೊಳ್ಳೋಣ." ಆಮೇಲೆ ಯಜಮಾನರ ಕಡೆ ತಿರುಗಿ ತಮಗೆ ಗೊತ್ತಿದ್ದ ತಮಿಳನ್ನೆಲ್ಲ ಒಂದೇ ಉಸಿರಿನಲ್ಲಿ ಪ್ರಯೋಗಿಸಿದರು: "ಎವ್ವಳವು ಸಾರ್?"

ಯಜಮಾನರು ಯಾವ ಊರಿನವರು ನೀವು ಎಂದು ಕೇಳಿದ್ದು ಕನ್ನಡದಲ್ಲಿ.

ನಮ್ಮ ಬೆಂಗಳೂರಿನ ಕನ್ನಡವಲ್ಲ, ನಡಿಗೆ ಬೇರೆ, ತಮಿಳಿನ ನೆರಳು ದಟ್ಟ. ಆದರೆ ಕನ್ನಡವೇ. ಕಂಬಂ ಕಣಿವೆಯಲ್ಲಿ ಕಾಪ್ಪಿಲಿಯರ್ ಎಂದು ಕರೆಯುವ ಒಕ್ಕಲಿಗರಿದ್ದಾರೆ. ಕನ್ನಡ ಸೀಮೆಯಿಂದ ಶತಮಾನಗಳ ಹಿಂದೆ ದನಕರುಗಳೊಂದಿಗೆ ಇಳಿದು ಬಂದವರು. 1909ರಲ್ಲಿ ದಕ್ಷಿಣ ಭಾರತದ ಜಾತಿಗಳ ಬಗ್ಗೆ ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಕೂಡ ಇವರನ್ನು ಕನ್ನಡ ಮಾತಾಡುವ ಬೇಸಾಯಗಾರರೆಂದೇ ದಾಖಲಿಸಿದ್ದಾನೆ. ಕಂಬಮ್ಮಿನಲ್ಲಿ ಇವರ ತಂಬಿರಾನ್ ಮಾಡು ಎಂಬ ದೇವರ ದನಗಳ ದೊಡ್ಡಿಯಿದೆ, ಆ ಹಿಂಡಿಗೊಂದು ಪಟ್ಟದ ಹೋರಿ. ಶಾಲೆ ತಮಿಳು, ಪೇಟೆ ತಮಿಳು, ಮನೆಯೊಳಗೆ ಕನ್ನಡ. ನವೆಂಬರಿನಲ್ಲಿ ಬಾವುಟ ಹಾರಿಸುವ ಸಂಘವಿಲ್ಲ, ಅಕಾಡೆಮಿಯಿಲ್ಲ, ಫಲಕದ ಮೇಲೆ ಎಷ್ಟು ಶೇಕಡಾ ಎಂಬ ಜಗಳವಿಲ್ಲ. ಗಾಜಿನ ಮನೆಯ ಆರೈಕೆ ಇಲ್ಲದೆ ಬದುಕಿಕೊಂಡಿದೆ.

ಷಡ್ಡಕರ ಸಂಭ್ರಮಕ್ಕೆ ಎಣೆಯಿಲ್ಲ. ಹುಳಿ ಇದೆ ಎಂದದ್ದು ಅವರಿಗೆ ಕೇಳಿಸಿತು ಎಂಬ ಮುಜುಗರ ಒಂದು ಕ್ಷಣ ಬಂದು ಹೋಯಿತು. ಮರುಕ್ಷಣ ಹೆಗಲ ಮೇಲೆ ಕೈ. "ಅಯ್ಯೋ ನಮ್ಮವರೇ! ಮೊದಲೇ ಹೇಳಬಾರದಾ ಗೌಡ್ರೇ!" ಸೆಲ್ಫಿ ಆಯಿತು. ತಮಿಳು ನೆಲದಲ್ಲಿ ಕನ್ನಡದ ಕಂಪು ಎಂಬ ಬರಹದೊಂದಿಗೆ ಅದು ಆಗಲೇ ಸ್ಟೇಟಸ್ಸಿಗೆ ಏರಿತು. ಘಾಟಿಯಲ್ಲಿ ಸಿಕ್ಕಿಕೊಂಡಿದ್ದ ನಮ್ಮ ಕಾರಿನಲ್ಲಿ ಹತ್ತೂ ಜನ ಅದಕ್ಕೆ ಹೃದಯ ಒತ್ತಿದೆವು. ಮುತ್ತಜ್ಜನ ಕಾಲದಿಂದ ಉಳಿಸಿಕೊಂಡು ಬಂದಿದ್ದೀರಲ್ಲ, ನಿಮ್ಮಂಥವರಿಂದಲೇ ಭಾಷೆ ಉಳಿದಿರುವುದು ಎಂದು ಷಡ್ಡಕರು ಇನ್ನೂ ಏನೇನೋ ಹೇಳಿ, ಗಂಟಲು ಕಟ್ಟಿ, ಕಣ್ಣೊರೆಸಿಕೊಂಡು, ಪೆಟ್ಟಿಗೆಯ ಕಡೆ ಬೊಟ್ಟು ಮಾಡಿದರು.

"ಈಗ ಹೇಳಿ ಗೌಡ್ರೇ, ಕನ್ನಡದವರಿಗೆ ಎಷ್ಟು?"

ಯಜಮಾನರು ಬೆಲೆ ಹೇಳಿದರು. ತಮಿಳಿನಲ್ಲಿ.